ಬಂಗಾರದ ಅಕ್ಷರಗಳಲ್ಲಿ ಸರಳ ವಿವಾಹ

ಲೋಕವನ್ನು ತಿದ್ದಲು ಹೊರಟವನಿಗೆ ಇರಬಾರದ ಗುಣ ಅವಸರ. ಅವನ ಕೈಗೆ ಸಿಗಬಾರದ ವಸ್ತು ಮೈಕು. ನನ್ನ ವಿಷಯದಲ್ಲಿ ಇವೆರಡೂ ಧಾರಾಳವಾಗಿ ಒದಗಿಬಂದವು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎಚ್ಚರಿಕೆಯ ಗಂಟೆಯನ್ನು ಚಪ್ಪಾಳೆಯೆಂದು ಭಾವಿಸಿ ಮಾತಾಡಿದವನು ನಾನು. ಆಗ ಗಳಿಸಿದ ಫಲಕಗಳು ಜೇವರ್ಗಿಯ ನಮ್ಮ ಮನೆಯ ಗೋಡೆಗೂಡಿನಲ್ಲಿವೆ. ಅವುಗಳಲ್ಲಿ ತೂಕದ್ದೊಂದನ್ನು ನನ್ನ ಹೆಂಡತಿ ಶಾಂತಾ, ಗಾಳಿಗೆ ಬಾಗಿಲು ಬಡಿಯದಿರಲೆಂದು ಅಡ್ಡ ಇಡುತ್ತಾಳೆ.

ತೊಂಬತ್ತರ ದಶಕದ ಕೊನೆಯ ಮಾತು. ನನ್ನ ಹಳೆಯ ವಿದ್ಯಾರ್ಥಿ, ಇಜೇರಿಯ ಶಿವಶರಣ, ನಿಂಬರ್ಗಾದ ಗೌರಮ್ಮನನ್ನು ವರದಕ್ಷಿಣೆಯಿಲ್ಲದೆ, ಬಾಜಾಭಜಂತ್ರಿಯಿಲ್ಲದೆ, ಆಹೇರು ಉಡುಗೊರೆಗಳಿಲ್ಲದೆ ಮದುವೆಯಾದ. ಇವೆಲ್ಲ ತೆರವು ಮಾಡಿಕೊಟ್ಟ ಸಮಯವನ್ನು ನನ್ನ ಭಾಷಣ ತುಂಬಿತು. ಕಾಲು ಮುರಿದು ಮಲಗಿದ್ದ ಹುಡುಗನ ಅಜ್ಜಿಗೆ ಮದುವೆಗೆ ಬರಲಾಗಲಿಲ್ಲ. ಊರೆಲ್ಲ ಆಯಿ ಎಂದು ಕರೆಯುವ ಈ ಮುದುಕಿ, ನಡೆದ ಸಂಗತಿ ಕೇಳಿ ಸಿಡಿದಳು. “ಭಾಷಣ ಮಾಡಿದ್ರ ಲಗ್ನ ಆಗ್ತದೇನು? ತಾಳಿ ಕಟ್ಟಿದ್ದು ನನ್ನ ಕಣ್ಣಿಗೆ ಕಾಣಬೇಕು. ಅಲ್ಲೀತನಕ ಆ ಹುಡುಗಿ ನನ್ನ ಹೊಸ್ತಿಲ ದಾಟಂಗಿಲ್ಲ” ಎಂದು ಹೇಳಿ ಕಳುಹಿಸಿದಳು.

ನವದಂಪತಿಗಳು ನಮ್ಮ ಮನೆಯಲ್ಲೇ ಉಳಿದರು. ಮರುದಿನ ಮಣ್ಣೆತ್ತಿನ ಅಮಾವಾಸ್ಯೆ. ಅದು ಕಳೆದರೆ ಆಷಾಢ, ಹೊಸ ಸೊಸೆ ಗಂಡನ ಮನೆ ತುಂಬುವಂತಿಲ್ಲ. ಅಮಾವಾಸ್ಯೆಯ ಸಂಜೆಯೊಳಗೆ ಮದುವೆಯ ವಿಡಿಯೊ ಇಜೇರಿಗೆ ಮುಟ್ಟದಿದ್ದರೆ ಗೌರಮ್ಮ ತಿಂಗಳ ಮಟ್ಟಿಗೆ ತವರಿಗೆ ಮರಳಬೇಕು. ಆಷಾಢದಲ್ಲಿ ನನಗೆ ನಂಬಿಕೆಯಿಲ್ಲ. ಆದರೆ ಆಯಿಯ ಹಟದಲ್ಲಿ ಪೂರ್ಣ ನಂಬಿಕೆಯಿತ್ತು.

ಆದ್ದರಿಂದ ಅಂದು ಶಾಂತಾಳೊಡನೆ, ವಿಡಿಯೊ ತೆಗೆದಿದ್ದ ಮಹೆಬೂಬನ ಸ್ಟುಡಿಯೋಗೆ ಧಾವಿಸಿದೆ. ಅವನು ಹೊಸದಾಗಿ ಕಂಪ್ಯೂಟರ್ ತಂದು, ಮದುವೆಯ ಚಿತ್ರಗಳನ್ನು ಅದರಲ್ಲೇ ಜೋಡಿಸುತ್ತಿದ್ದ. ಜೋಡಿಸಿ ಮುಗಿದಿತ್ತು, ಯಂತ್ರವು ಅದೆಲ್ಲವನ್ನೂ ಬೇಯಿಸಿ ಒಂದು ಪಾಕಕ್ಕೆ ತಂದ ಮೇಲೆ ಕ್ಯಾಸೆಟ್ಟಿಗೆ ಇಳಿಸಬೇಕಿತ್ತು. ಪರದೆಯ ಮೇಲೆ ಒಂದು ನೀಲಿ ಪಟ್ಟಿ, ಬೆಳೆಯುವ ಮನಸ್ಸಿಲ್ಲದಂತೆ ಬೆಳೆಯುತ್ತಿತ್ತು. ಅದರ ಪಕ್ಕದಲ್ಲೇ ಮಹೆಬೂಬ ಇಸ್ಪೀಟಿನ ಆಟ ಆಡುತ್ತಿದ್ದ.

“ಮೊದಲು ಆ ಆಟ ಮುಚ್ಚಪಾ, ಕೆಲಸ ಜಲ್ದಿ ಆಗ್ತದ” ಎಂದೆ.

“ಆಗ್ತದ್ರಿ ಸರ. ಆದ್ರ ನನಗ ಬ್ಯಾಸರ ಆಗ್ತದಲ್ರಿ” ಎನ್ನುತ್ತಲೇ ಮುಚ್ಚಿದ.

ಪಟ್ಟಿ ಕೂದಲೆಳೆಯಷ್ಟು ಸರಿಯಿತು. ಚಿತ್ರದಿಂದ ಚಿತ್ರಕ್ಕೆ ದಾಟುವಾಗ ಉದುರುವ ಗುಲಾಬಿ ಪಕಳೆಗಳತ್ತ ನನ್ನ ದೃಷ್ಟಿ ಹೊರಳಿತು. ಸರಳ ವಿವಾಹದಲ್ಲಿ ಪುಷ್ಪವೃಷ್ಟಿಯೇ? ಹರಿದೊಗೆಯಲು ಆಜ್ಞಾಪಿಸಿದೆ. ವಧೂವರರನ್ನು ಹೃದಯದಾಕಾರದೊಳಗೆ ಕೂರಿಸಿದ್ದನ್ನು ಭಾವಾತಿರೇಕವೆಂದು ಖಂಡಿಸಿದೆ, ಅದೂ ಹೋಯಿತು. ಗೌರಮ್ಮ ನಿಧಾನಗತಿಯಲ್ಲಿ ತಲೆಯೆತ್ತಿ ನಗುವ ದೃಶ್ಯವನ್ನು ಸಹಜ ವೇಗಕ್ಕೇರಿಸಿ, ಅವಳ ನಾಚಿಕೆಯನ್ನೂ ಮೊಟಕುಗೊಳಿಸಿದೆ. ಬದಲಾವಣೆ ಮಾಡಿದಾಗಲೆಲ್ಲ ಪಟ್ಟಿ ಮೊದಲಿನಿಂದ ಹೊರಡುತ್ತಿತ್ತು. ಹೀಗೆ ಅವಸರದಿಂದಲೇ ಅರ್ಧ ಮಧ್ಯಾಹ್ನವನ್ನು ಕಳೆದೆ.

ಕೊನೆಗೆ ಮಹೆಬೂಬ ಬಾಯಿಬಿಟ್ಟ. “ಹೂವು ಭಾಳ ಹಗುರ ಅವ್ರಿ ಸರ. ನಿಮ್ಮ ಭಾಷಣದ ಕೆಳಗ ಬಂಗಾರದ ಅಕ್ಷರ ತಿರಗತಾವಲ್ರಿ, ಅವು ಮಿಷನ್ನಿನ ಜೀವಾ ತಗಿಲಾಕತ್ತಾವ.”

ನಾನು ಗಂಟಲು ಸರಿಪಡಿಸಿಕೊಂಡೆ. ಆ ಅಕ್ಷರಗಳನ್ನು ಹಾಕಿಸಿದವನು ನಾನೇ. ಭಾಷಣದುದ್ದಕ್ಕೂ ‘ಸರಳತೆಯೇ ಶ್ರೇಷ್ಠತೆ’ ಎಂಬ ಮಾತು ಹೊಂಬಣ್ಣದಲ್ಲಿ, ಹಿಂದಿನಿಂದ ಕಿರಣ ಸೂಸುತ್ತ, ಬುಗುರಿಯಂತೆ ತಿರುಗುತ್ತಿರಬೇಕೆಂಬುದು ನನ್ನ ಅಪೇಕ್ಷೆಯಾಗಿತ್ತು.

“ಭಾಷಣಾನೇ ತಗಿಸಿಬಿಡ್ರಿ. ಆಯಿ ಕೇಳಿದ್ದು ತಾಳಿ” ಎಂದಳು ಶಾಂತಾ.

“ವಿಚಾರ ತಗದ್ರ ಉಳಿಯೋದೇನು?”

“ಲಗ್ನ ಉಳಿತದ್ರೀ.”

ಚರ್ಚಾಪಟುವಾದ ನಾನು ಈ ವಾದವನ್ನು ಅಪ್ರಸ್ತುತವೆಂದು ತಳ್ಳಿಹಾಕಿದೆ. ಆದರೂ ಉದಾರಿಯಾಗಿ, ಅಕ್ಷರಗಳು ತಿರುಗದೆ ನಿಲ್ಲಲಿ ಎಂದು ಒಪ್ಪಿದೆ. ಶ್ರೇಷ್ಠತೆ ನಿಂತಿತು, ಪಟ್ಟಿ ಓಡಿತು.

ಬಾಡಿಗೆಯ ಜೀಪಿನಲ್ಲಿ ನಾವೆಲ್ಲರೂ ಇಜೇರಿ ತಲುಪಿದಾಗ ಹೊತ್ತು ಇಳಿಯುತ್ತಿತ್ತು. ಗೌರಮ್ಮ ಶಾಂತಾಳೊಡನೆ ಜೀಪಿನಲ್ಲೇ ಕುಳಿತಳು. ಒಳಗೆ ಪಕ್ಕದ ಮನೆಯಿಂದ ತಂದ ಟಿವಿ, ವಿಸಿಆರ್. ಮಂಚದ ಮೇಲೆ ಆಯಿ. ಕ್ಯಾಸೆಟ್ಟು ಹೊರಳಿತು. ಪರದೆಯ ಮೇಲೆ ನಾನು ಬಂದೆ, ನಿಂತೆ, ಮತ್ತು ನಿಂತೇ ಇದ್ದೆ.

“ಯಾರಪಾ ಇಂವ? ತಾಳಿ ಯಾವಾಗ ಕಟ್ತಾರ?”

“ನಮ್ಮ ಸರ್ ಆಯಿ. ಇವರದು ಮುಗದ ಮ್ಯಾಲ” ಎಂದ ಶಿವಶರಣ, ಮುಂದೋಡಿಸುವ ಗುಂಡಿಯತ್ತ ಕೈ ಚಾಚುತ್ತ. ಸಂದರ್ಭ ತಪ್ಪುತ್ತದೆಂದು ನಾನು ಅವನ ಕೈಹಿಡಿದು ಕೂರಿಸಿದೆ.

ಆಯಿ ಇನ್ನಷ್ಟು ಹೊತ್ತು ಸಹಿಸಿದಳು. ಬಳಿಕ ಒಮ್ಮೆ ಪರದೆಯತ್ತ, ಒಮ್ಮೆ ಕಿಟಕಿಯಾಚೆ ಕೆಂಪಾಗುತ್ತಿದ್ದ ಮುಗಿಲಿನತ್ತ ನೋಡಿ, “ಇಂವಾ ಮುಗಸೂದ್ರಾಗ ಆಷಾಢಾನೇ ಮುಗಿತದ! ಬಂದ್ ಮಾಡ್ರೋ ಅದನ್ನ. ಆ ಕೂಸು ಎಲ್ಲದ? ಒಳಗ ಕರೀರಿ, ಕೊರಳಾಗ ತಾಳಿ ಅದನೋ ಇಲ್ಲೋ ನಾನೇ ನೋಡ್ತೀನಿ” ಎಂದಳು. ಗೌರಮ್ಮ ಅಕ್ಕಿ ತುಂಬಿದ ಸೇರನ್ನು ಒದ್ದು ಒಳಬಂದಳು. ಆಯಿ ತಾಳಿಯನ್ನು ಬೆರಳಲ್ಲಿ ಹಿಡಿದು ನೋಡಿ, ಸೊಸೆಯ ಕೆನ್ನೆ ಸವರಿ, ನೆಟಿಗೆ ಮುರಿದಳು.

ಮುಂದಿನ ತಿಂಗಳು ನಮ್ಮ ಸರಳ ವಿವಾಹ ಸಂಘದ ಸಭೆಯಲ್ಲಿ, ನನ್ನ ಭಾಷಣದ ಪೂರ್ವಾರ್ಧವನ್ನು ಕೇಳಿಯೇ ಸಂಪ್ರದಾಯಸ್ಥ ವೃದ್ಧೆಯೊಬ್ಬಳು ಮನಃಪರಿವರ್ತನೆ ಹೊಂದಿ ಸೊಸೆಯನ್ನು ಮನೆ ತುಂಬಿಸಿಕೊಂಡಳೆಂದು ವರದಿ ಮಾಡಿದೆ. ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಸಭಿಕರು ದೀರ್ಘವಾಗಿ ಚಪ್ಪಾಳೆ ತಟ್ಟಿದರು. ಮೂರನೆಯ ಸಾಲಿನಲ್ಲಿ ಕುಳಿತ ಶಾಂತಾಳಿಗೆ ಮಾತ್ರ ಯಾಕೋ ಕೆಮ್ಮು ಹತ್ತಿ, ಸೆರಗು ಬಾಯಿಗೊತ್ತಿಕೊಂಡು ಹೊರಗೆ ಹೋಗಬೇಕಾಯಿತು.