ಅತ್ತೆಯ ಕಾಲ ಮೇಲೆ ಕುಳಿತವರು

ನನ್ನ ಸೋದರತ್ತೆಯ ಕಾಲುಗಳಿಗೆ ನಮ್ಮ ಓಣಿಯಲ್ಲಿ ಸಿಕ್ಕ ಮರ್ಯಾದೆ ನನ್ನ ಮುಖಕ್ಕೆ ಎಂದೂ ಸಿಗಲಿಲ್ಲ! ನಾನು ಗದಗ-ಬೆಟಗೇರಿಯ ಶಾಲಾ ಮಾಸ್ತರ. ನಲವತ್ತು ಹುಡುಗರಿಗೆ ಮಗ್ಗಿ ಕಲಿಸಿದವನು. ಆದರೆ ಒಂದೂವರೆ ವರ್ಷದ ನನ್ನ ಮಗಳಿಗೆ, ಹೊಟ್ಟೆಗೆ ಅವಸರವಾದಾಗ ಹಿತ್ತಲಿಗೆ ಹೋಗಬೇಕೆಂಬ ಒಂದೇ ಒಂದು ಪಾಠ ಕಲಿಸಲು ಲಕ್ಷ್ಮೇಶ್ವರದಿಂದ ಅತ್ತೆಯನ್ನು ಕರೆಸಬೇಕಾಯಿತು.

ಅತ್ತೆಯ ಶಾಸ್ತ್ರ ಸರಳ. ಹಿತ್ತಲಲ್ಲಿ ಕುಳಿತು ಕಾಲು ಚಾಚುವುದು, ಎರಡೂ ಪಾದಗಳ ನಡುವೆ ಗೇಣು ಸಂದು ಬಿಡುವುದು, ಕೆಳಗೆ ಒಲೆಯ ಬೂದಿ ಹರವುವುದು, ಪಾದಗಳ ಮೇಲೆ ಕೂಸನ್ನು ಕೂರಿಸುವುದು. ಸ್ವಂತ ಮಕ್ಕಳಿಲ್ಲದ ಅತ್ತೆ ಅರ್ಧ ಲಕ್ಷ್ಮೇಶ್ವರವನ್ನು ಹೀಗೆ ಕೂರಿಸಿದ್ದಳು. ಅದನ್ನು ಮರೆಯುವವಳೂ ಅಲ್ಲ! ಅಲ್ಲಿಂದ ಬಂದು ಗದಗಿನಲ್ಲಿ ದೊಡ್ಡ ವಕೀಲರಾದವರೊಬ್ಬರು ಕೋಟು ತೊಟ್ಟು ನಮ್ಮ ಮನೆಯ ಮುಂದೆ ಹಾದುಹೋದರೆ ಸಾಕು, ಕಟ್ಟೆಯ ಮೇಲಿಂದಲೇ ಹೇಳುವಳು: "ಇಂವಾ ನನ್ನ ಕಾಲ ಮ್ಯಾಲೆ ತಾಸುಗಟ್ಟಲೆ ಕುಂತಾನ. ಆವಾಗೂ ಹಿಂಗ, ಸದ್ದು ಭಾಳ, ಕೆಲಸ ಕಡಿಮಿ!" ವಕೀಲರು ಆಮೇಲೆ ಬೇರೆ ಓಣಿ ಹಿಡಿದರು.

ಅವಳು ನಮ್ಮಲ್ಲಿರುವುದಕ್ಕೆ ಒಂದು ಕರಾರಿತ್ತು. ಗಂಡ ತೀರಿಕೊಂಡ ಮೇಲೆ ಅವಳಿದ್ದದ್ದು ಮೈದುನನ ಮನೆಯಲ್ಲಿ. ಅಲ್ಲಿ ನಸುಕಿನಲ್ಲಿ ಬೀಸುವ ಕಲ್ಲಿನ ಮುಂದೆ ಕುಳಿತರೆ ದೀಪ ಹಚ್ಚುವವರೆಗೂ ದುಡಿತ. ಅವಳ ಜೊತೆ ಯಾರೂ ಎರಡು ಮಾತಾಡುತ್ತಿರಲಿಲ್ಲ. ಆ ಮೈದುನ ಅವಳನ್ನು ಬಿಟ್ಟುಹೋಗುವಾಗ, "ಕೂಸು ಕಲ್ತ ದಿನಾನ ವೈನೀನ್ನ ಕಳಿಸಿಬಿಡ್ರಿ ಮಾಸ್ತರ, ಅಲ್ಲೆ ರೊಟ್ಟಿ ಬಡ್ಯಾಕ ಕೈ ಇಲ್ಲ" ಎಂದಿದ್ದ. ಬುದ್ಧಿವಂತನಾದ ನಾನು ಹಿಂದೆ ಮುಂದೆ ನೋಡದೆ "ಆತು" ಎಂದಿದ್ದೆ.

ಕೂಸು ಅತ್ತೆಯ ಕಾಲ ಮೇಲೇನೋ ಕೂರತೊಡಗಿತು. ಆದರೆ ತಾನಾಗಿ ಹಿತ್ತಲಿಗೆ ಹೋಗುವ ಲಕ್ಷಣ ಕಾಣಲಿಲ್ಲ. ಟ್ರೇನಿಂಗ್ ಕಾಲೇಜಿನಲ್ಲಿ ಶಿಕ್ಷಣಶಾಸ್ತ್ರ ಓದಿದವನು ಸುಮ್ಮನಿರಲಾದೀತೆ? ಬಡಿಗನಿಂದ ನಡುವೆ ತೂತಿರುವ ಪುಟ್ಟ ಕುರ್ಚಿ ಮಾಡಿಸಿದೆ. ಮಗಳಿಗೆ ಅದರ ಮೇಲೆ ಕೂರುವುದೊಂದನ್ನು ಬಿಟ್ಟು ಉಳಿದೆಲ್ಲ ಹಿಡಿಸಿತು. ಎರಡನೆಯ ದಿನವೇ ತೂತಿನಲ್ಲಿ ತಲೆ ತೂರಿಸಿ ಸಿಕ್ಕಿಬಿದ್ದಳು. ಅದೇ ಬಡಿಗ ಗರಗಸ ಹಿಡಿದು ಬಂದು, "ಮದಲ ಹೇಳಿದ್ರ ಟೊಪಗಿನ ಮಾಡಿಕೊಡ್ತಿದ್ದೆ ನೋಡ್ರಿ" ಎಂದು ಕುರ್ಚಿ ಕೊಯ್ದು ತಲೆ ಬಿಡಿಸಿದ.

ಕೊನೆಗೆ ನಾನೇ ಕಾಲು ಚಾಚಿ ಕುಳಿತೆ. ಕೈಯಲ್ಲಿ ಗಡಿಯಾರ! ಅರ್ಧ ತಾಸು ಕಳೆಯಿತು. ನನ್ನ ಕಾಲುಗಳು ನನ್ನವಲ್ಲ ಎನ್ನುವಷ್ಟು ಜೋಮು ಹಿಡಿದವು. ಮಗಳು ನಕ್ಕು, ಎದ್ದು, ಒಳಗೆ ನಡೆದು, ಚಾಪೆಯ ಮೇಲೆ ಇಸ್ತ್ರಿಯಾಗಿ ಮಲಗಿದ್ದ ನನ್ನ ಕೋಟಿನ ಮೇಲೆ ಕೆಲಸ ಮುಗಿಸಿದಳು. ಬೆನ್ನು ಹತ್ತೋಣವೆಂದರೆ ನನಗೆ ಏಳಲಾಗಬೇಕಲ್ಲ!

"ಮಾರಿ ಗಂಟು ಹಾಕ್ಕೊಂಡು ಕುಂತ್ರ ಕೂಸು ಪರೀಕ್ಷಾ ಅಂತ ತಿಳೀತೈತಿ" ಎಂದಳು ಅತ್ತೆ. "ಮರ್ಯಾದಿಲೆ ಕರೀಬೇಕಲೇ. ಬರ್ರಿ ಬಾಯಿಸಾಹೇಬ್ರ, ಕುಂಡ್ರಿ, ಗಡಬಡಿ ಏನಿಲ್ಲ... ಹಿಂಗ!"

ಆಗ ಗದಗ ಇನ್ನೂ ಮುಂಬಯಿ ರಾಜ್ಯದಲ್ಲಿತ್ತು. ಕನ್ನಡದವರೆಲ್ಲ ಒಂದಾಗಬೇಕೆಂಬ ಮಾತು ಕಟ್ಟೆಕಟ್ಟೆಯ ಮೇಲೂ ನಡೆದಿತ್ತು. ಒಂದು ಭಾನುವಾರ ನಮ್ಮ ಹೆಡ್‌ಮಾಸ್ತರರು ಏಕೀಕರಣದ ಮನವಿ ಬರೆಸಲು ಮನೆಗೆ ಬಂದರು. ಮೊಣಕಾಲು ನೋವಿನವರು, ಜಮಖಾನೆಯ ಮೇಲೆ ಕುಳಿತು ಎರಡೂ ಕಾಲು ಚಾಚಿದರು. ಮಗಳು ಬಾಗಿಲಲ್ಲಿ ನಿಂತು ಆ ಕಾಲುಗಳನ್ನು ನೋಡಿದಳು. ಬಂದಳು, ಲಂಗ ಎತ್ತಿದಳು, ಬೆನ್ನು ತಿರುಗಿಸಿ ಕುಳಿತೇಬಿಟ್ಟಳು!

"ನೋಡ್ರಿ ಮಾಸ್ತರ, ಕೂಸಿಗೆ ನಮ್ಮ ಮ್ಯಾಲೆ ಎಷ್ಟು ಅಂತಃಕರಣ!" ಎಂದು ಅವರು ಕರಗಿಹೋದರು. ಮುಂದಾಗುವುದು ನನಗೆ ಗೊತ್ತಿತ್ತು. ಆದರೆ ನಾಡು ಒಂದಾಗುವ ಮಾತಾಡುತ್ತಿರುವ ಮೇಲಧಿಕಾರಿಗೆ ಏಳಿರಿ ಎನ್ನುವುದು ಹೇಗೆ? ಅಷ್ಟರಲ್ಲಿ ಅಡುಗೆಮನೆಯಿಂದ ಇಣುಕಿದ ಅತ್ತೆ ಚೀರಿದಳು: "ಹೆಡ್‌ಮಾಸ್ತರ, ಅಳ್ಳಾಡಬ್ಯಾಡ್ರಿ! ನಡಬರಕ ಎದ್ರ ಕೂಸಿನ ಹೊಟ್ಟಿ ಕಟ್ಟತೈತಿ!"

ಹೆಡ್‌ಮಾಸ್ತರರು ಅಳ್ಳಾಡಲಿಲ್ಲ. ನನ್ನ ಧೋತರ ಉಟ್ಟುಕೊಂಡು ಮನೆಗೆ ಹೋದರು. ಮನವಿಯನ್ನು ಆಮೇಲೆ ಬೇರೆಯವರಿಂದ ಬರೆಸಿದರು.

ಹೀಗೆ ಎಂಟು ತಿಂಗಳಾಯಿತು. ಒಂದು ದಿನ ಶಾಲೆ ಬೇಗ ಬಿಟ್ಟಿತ್ತು. ಹಿಂದಿನ ಸಂದಿಯಿಂದ ಬಂದೆ. ಹಿತ್ತಲಲ್ಲಿ ಮಗಳು ಒಬ್ಬಳೇ ಬೂದಿ ಹಾಕಿದ ಕಡೆ ಕುಳಿತು, ಕೆಲಸ ಮುಗಿಸಿ, "ಆತೂ!" ಎಂದು ಕೂಗಿದಳು. ಅತ್ತೆ ಬಂದು ತೊಳೆದಳು, ಮುದ್ದಿಟ್ಟಳು, ಕಿವಿಯಲ್ಲಿ ಹೇಳಿದಳು: "ಅಪ್ಪ ಇದ್ದಾಗ ಮಾತ್ರ ನನ್ನ ಕಾಲ ಮ್ಯಾಲೆ ಕುಂಡ್ರಬೇಕು, ಹೂಂ?"

ಬಾಗಿಲಲ್ಲಿದ್ದ ನನ್ನ ಹೆಂಡತಿ ನನ್ನನ್ನು ಸಂದಿಗೆ ಎಳೆದುಕೊಂಡು ಹೋದಳು. "ಎರಡ ತಿಂಗಳಾತು ಕಲ್ತು. ಹೇಳಿದ್ರ ನೀವು ಆಕಿನ್ನ ಕಳಿಸಿಬಿಡ್ತೀರಿ ಅಂತ ನಾನೂ ಸುಮ್ಮನಿದ್ದೆ" ಎಂದಳು. ಎರಡು ತಿಂಗಳು! ಮನೆಯಲ್ಲಿ ನಡೆದ ಪರೀಕ್ಷೆಯ ಫಲಿತಾಂಶ ತಿಳಿಯದವನು ನಾನೊಬ್ಬನೇ. ಅಷ್ಟು ವಯಸ್ಸಾದ ಹೆಂಗಸು ನನ್ನ "ಆತು"ವಿಗೆ ಹೆದರಿ ಬದುಕುತ್ತಿದ್ದಳು!

ಮುಂದಿನ ವಾರವೇ ಅತ್ತೆಯ ಮೈದುನ ಬಂದ. ಕುಳಿತವನೇ ಕೇಳಿದ: "ಕೂಸು ಕಲ್ತಿತೇನ್ರಿ ಮಾಸ್ತರ?"

ನೀರಿನ ತಂಬಿಗೆ ತರುತ್ತಿದ್ದ ಅತ್ತೆ ಬಾಗಿಲಲ್ಲೇ ನಿಂತಳು. ನಾನೇ ಮುಂದಾಗಿ ಹೇಳಿದೆ: "ಎಲ್ಲಿ ಕಲೀತೈತ್ರೀ! ನನ್ನ ಮಗಳಲ್ಲೇನು, ಭಾಳ ಮಂದ! ಇನ್ನೂ ಐದಾರು ವರ್ಷ ಆದ್ರೂ ಬೇಕು."

"ಐದಾರು ವರ್ಷ?" ಅವನು ತೆರೆದ ಬಾಯಿ ಮುಚ್ಚುವಷ್ಟರಲ್ಲಿ ಮಗಳು ಗೊಂಬೆ ಬಿಟ್ಟು ಎದ್ದಳು. ಯಾರನ್ನೂ ನೋಡದೆ ನೆಟ್ಟಗೆ ಹಿತ್ತಲಿಗೆ ನಡೆದಳು. ಒಳಗಿನಿಂದ ನನ್ನ ಹೆಂಡತಿಯೂ ಇಣುಕಿದಳು. ಸ್ವಲ್ಪ ಹೊತ್ತಿನಲ್ಲೇ ಓಣಿಗೆಲ್ಲ ಕೇಳುವಂತೆ ಕೂಗು ಬಂತು: "ಆತೂ!"

ಮೈದುನ ನಕ್ಕ. "ಕಲ್ತೈತಲ್ರೀ! ನಡೀರಿ ವೈನಿ."

ಅತ್ತೆ ತಂಬಿಗೆ ಕೆಳಗಿಟ್ಟಳು. ನನ್ನ ಕಡೆ ನೋಡಲಿಲ್ಲ. ಅವಳು ನೋಡದೇ ಇದ್ದದ್ದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ.

"ಕೂಸು ಕಲ್ತೈತಿ, ಖರೆ" ಎಂದೆ. "ಆದ್ರ ಅತ್ತಿ ಬರಂಗಿಲ್ಲ. ಇದು ಆಕಿ ತವರಮನಿ. ತವರಮನ್ಯಾಗ ಇರಾಕ ಕೂಸಿನ ನೆಪಾ ಯಾಕ ಬೇಕು?"

ಮೈದುನ ಗೊಣಗುತ್ತ ಮಧ್ಯಾಹ್ನದ ಬಸ್ಸಿಗೆ ಹೋದ. ಅತ್ತೆ ಮೂಲೆಯಲ್ಲಿದ್ದ ತನ್ನ ಬಟ್ಟೆಯ ಗಂಟನ್ನು ತಂದು ನಡುಮನೆಯಲ್ಲಿ ಬಿಚ್ಚಿದಳು. ಎಂಟು ತಿಂಗಳಿಂದ ಅವಳ ಸೀರೆಗಳು ಆ ಗಂಟಿನಲ್ಲೇ ಇದ್ದವೆಂಬುದು ನನಗೆ ಆಗಲೇ ಗೊತ್ತಾದದ್ದು. ಎರಡು ಸೀರೆಗಳನ್ನು ಎದೆಗೊತ್ತಿ ಹಿಡಿದು ನನ್ನ ಹೆಂಡತಿಯನ್ನು ಕೇಳಿದಳು:

"ಇವನ್ನ ಎಲ್ಲಿ ಇಡಲೆವ್ವಾ?"