ಕಾಶ್ಮೀರಕ್ಕೆ ಹೊರಟವರಿಗೆ ಔರಾದದ ಬುದ್ಧಿಮಾತು

ನಮ್ಮ ಔರಾದದಲ್ಲಿ ಪುಕ್ಕಟೆ ಬುದ್ಧಿಮಾತು ಬೇಕಾದರೆ ಒಂದೇ ಉಪಾಯ: ಎಲ್ಲಿಗಾದರೂ ಹೊರಟಿದ್ದೇನೆ ಅನ್ನಬೇಕು. ನಾನು ನಿವೃತ್ತ ಸಾಲಿ ಮಾಸ್ತರ, ಹುಟ್ಟು ಪುಕ್ಕಲ. ನನ್ನ ಹೆಂಡತಿಗೆ ಒಮ್ಮೆ ಕಣ್ಣಾರೆ ಹಿಮ ನೋಡುವ ಆಸೆ. ಕಾಶ್ಮೀರವೆಂದರೆ ಜೀವಕ್ಕೆ ಅಪಾಯ ಎಂದು ನಾನು ವರ್ಷ ವರ್ಷವೂ ಮುಂದೂಡುತ್ತ ಬಂದೆ. ಅಷ್ಟರಲ್ಲಿ ಅವಳ ಮೊಣಕಾಲು ಹಿಡಿಯತೊಡಗಿದವು. "ಈ ಸಲ ಇಲ್ಲಾಂದ್ರ ಮುಂದ ಕ್ಯಾಲೆಂಡರದಾಗೇ ನೋಡೂದು" ಅಂದಳು. ಹೆದರುತ್ತಲೇ ಟಿಕೆಟ್ ಮಾಡಿಸಿದೆ.

೧. ಹೆಲ್ಮೆಟ್

ಸುದ್ದಿ ಕೇಳಿ ಭಾಲ್ಕಿಯಿಂದ ಹೆಂಡತಿಯ ತಮ್ಮ ಮೋಟರ್ ಸೈಕಲ್ ಮೇಲೆ ಬಂದ. ಹಿಂದೆ ಹೆಂಡತಿ, ನಡುವೆ ಒಂದು ಮಗು, ಟ್ಯಾಂಕಿನ ಮೇಲೆ ಇನ್ನೊಂದು. "ಜೀವದ ಮ್ಯಾಲಿ ಆಸಿ ಇಲ್ಲೇನ್ರಿ ಮಾಮಾ?" ಎಂದು ಶುರು ಮಾಡಿ ಒಂದು ತಾಸು ನನಗೆ ಸುರಕ್ಷತೆಯ ಪಾಠ ಹೇಳಿದ. ಹೊರಟಾಗ ನನ್ನ ಹೆಂಡತಿ ಒಂದಿಷ್ಟು ಜವಾರಿ ಕೋಳಿ ತತ್ತಿ ಕೊಟ್ಟಳು. ದಾರಿಯಲ್ಲಿ ಒಡೆಯಬಾರದೆಂದು ಅವನು ಹೆಲ್ಮೆಟ್ಟಿನೊಳಗೆ ಹುಲ್ಲು ಹಾಸಿ ತತ್ತಿ ಜೋಡಿಸಿಕೊಂಡು, ತಾನು ಬರಿದಲೆಯಲ್ಲಿ ಹೋದ. ಸಂಜೆ ಫೋನು ಬಂತು. ತತ್ತಿ ಒಂದೂ ಒಡೆದಿಲ್ಲವಂತೆ.

೨. ಫೋಟೊ

ಚಿಂತಾಕಿಯಲ್ಲಿರುವ ನನ್ನ ಸೋದರತ್ತೆ ಊಟಕ್ಕೆ ಕರೆದಳು. ಹಿಂದೆ ಕಾಶಿಗೆ ಹೊರಟವರು ತಿರುಗಿ ಬರುವ ಖಾತ್ರಿ ಇರಲಿಲ್ಲ. ಬಳಗದವರು ಹೋಳಿಗೆ ಉಣಿಸಿ ಕಳಿಸುತ್ತಿದ್ದರು. ಅತ್ತೆ ಆ ಪದ್ಧತಿಯನ್ನು ನಮಗೂ ಹಚ್ಚಿದಳು. ತುಪ್ಪ ಬಡಿಸುತ್ತ ಕಣ್ಣೊರೆಸಿಕೊಂಡಳು. ಆಮೇಲೆ ಫೋಟೊ ತೆಗೆಸುತ್ತೀರೇನು ಎಂದು ಕೇಳಿದಳು. ಒಬ್ಬರಾದರೂ ಹುರುಪು ತೋರಿಸಿದರಲ್ಲ ಎಂದು ಹಿಗ್ಗಿ, ಅಲ್ಲಿ ಹೋಗಿ ತೆಗೆಸುತ್ತೇವೆ ಎಂದೆ.

"ಅಲ್ಲಿ ಬ್ಯಾಡಪ್ಪಾ, ಹೋಗೂಕಿಂತ ಮೊದಲ ಇಲ್ಲೇ ತಗಸ್ರಿ, ಇಬ್ಬರೂ ಕೂಡಿ. ಮಾಲಿ ಹಾಕಲಿಕ್ಕ ಛಂದ ಇರ್ತದ" ಅಂದಳು.

ಮರುದಿನ ನಾನು ಟಿಕೆಟ್ ರದ್ದು ಮಾಡಿಸಲು ಎದ್ದೆ.

೩. ತಾಯಿತ

ಹೊಸ್ತಿಲಲ್ಲೇ ಶಾಲಿನವನು ಎದುರಾದ. ಪ್ರತಿ ಚಳಿಗಾಲದಲ್ಲೂ ಕಾಶ್ಮೀರದಿಂದ ಶಾಲಿನ ಗಂಟು ಹೊತ್ತು ನಮ್ಮ ಓಣಿಗೆ ಬರುವವನು. ನಿಮ್ಮೂರಿಗೆ ಬಂದರೆ ಭಯವಿಲ್ಲವೇ ಎಂದು ಉರ್ದುವಿನಲ್ಲಿ ಕೇಳಿದೆ. ಗಂಟು ಬಿಚ್ಚಲು ಅವನು ತೋಳು ಮೇಲೇರಿಸಿದ. ರಟ್ಟೆಯಲ್ಲಿ ತಾಯಿತ ಕಂಡಿತು.

"ನೋಡು, ಅಲ್ಲಿಯವರೇ ತಾಯಿತ ಕಟ್ಕೊಂಡು ತಿರಗ್ತಾರ" ಎಂದೆ ಹೆಂಡತಿಗೆ. ಅವಳ ಮುಖ ಸಣ್ಣದಾಯಿತು. ನೋಡಿ ನನಗೇ ಕೆಟ್ಟೆನಿಸಿತು.

ಶಾಲಿನವನು ನಕ್ಕ. ತನ್ನೂರಿನಲ್ಲಿ ಅದನ್ನು ಬಿಚ್ಚಿ ಮೊಳೆಗೆ ತೂಗುಹಾಕಿರುತ್ತಾನಂತೆ. ಇಲ್ಲಿಗೆ ಹೊರಡುವಾಗ ಮಾತ್ರ ತಾಯಿ ಅಳುತ್ತ ಕಟ್ಟುತ್ತಾಳಂತೆ. ಔರಾದದಿಂದ ಬೀದರಕ್ಕೆ ಬಸ್ಸಿನ ಬಾಗಿಲಲ್ಲಿ ಜೋತುಬಿದ್ದು ಹೋಗುವ ವಿಷಯವನ್ನು ಒಮ್ಮೆ ಬಾಯಿ ತಪ್ಪಿ ಅವಳ ಮುಂದೆ ಹೇಳಿಬಿಟ್ಟಿದ್ದನಂತೆ.

ಹೆಂಡತಿ ನನ್ನ ಕೈಯಿಂದ ಟಿಕೆಟ್ ಕಸಿದುಕೊಂಡಳು. "ಬೀದರ್ ತನಕ ಜೀವಂತ ಮುಟ್ಟಿದ್ರ ಸಾಕ್ರಿ. ಮುಂದ ಏನೂ ಚಿಂತಿಲ್ಲ."

ಹೊರಡುವ ದಿನ ಶಾಲಿನವನು ಬಸ್ ಸ್ಟ್ಯಾಂಡಿಗೇ ಬಂದು ತನ್ನ ತಾಯಿತವನ್ನು ನನ್ನ ರಟ್ಟೆಗೆ ಕಟ್ಟಿದ. ಬೀದರದಲ್ಲಿ ರೈಲು ಹತ್ತಿದ ಮೇಲೆ ಬಿಚ್ಚಿಡಬಹುದಂತೆ. ಆದರೆ ಕಾಶ್ಮೀರದಲ್ಲಿ ಎಲ್ಲೂ ಕಳೆದುಕೊಳ್ಳಬಾರದಂತೆ. ತಿರುಗಿ ಬರುವಾಗ ಬೀದರದಲ್ಲಿ ಇಳಿದ ಕೂಡಲೇ ಮತ್ತೆ ಬೇಕಾಗುತ್ತದಂತೆ.