ಎದ್ದ ಕಂಪ್ಯೂಟರ್, ಏಳದ ಪರದೆ

ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲೂಕುಗಳಲ್ಲಿ ಮನೆಮನೆಗೆ ಹೋಗಿ ಕಂಪ್ಯೂಟರ್ ರಿಪೇರಿ ಮಾಡುವುದು ನನ್ನ ಹೊಟ್ಟೆಪಾಡು. ವಾರಕ್ಕೊಮ್ಮೆಯಾದರೂ ಬರುವ ದೂರು ಒಂದೇ. ಸ್ವಲ್ಪ ಹೊತ್ತು ಮುಟ್ಟದೆ ಬಿಟ್ಟರೆ ಕಂಪ್ಯೂಟರ್ ನಿದ್ದೆಗೆ ಜಾರುತ್ತದೆ. ಮೌಸ್ ಅಲುಗಿಸಿದರೆ ಪೆಟ್ಟಿಗೆ ಗುರ್ ಎಂದು ಏಳುತ್ತದೆ. ಪರದೆ ಮಾತ್ರ ಕಪ್ಪಗೇ ಇರುತ್ತದೆ. ಇದಕ್ಕೆ ಕಾರಣಗಳು ಇಂತಿಂಥವು ಎಂದು ನನಗೆ ತರಬೇತಿಯಲ್ಲಿ ಕಲಿಸಿದ್ದರು. ಕಲಿಸಿದವರು ನಮ್ಮ ಕಡೆಯ ಮನೆಗಳನ್ನು ನೋಡಿರಲಿಲ್ಲ.

ಹಣೆ ಯಾವುದು

ದೀಪಾವಳಿ ಮುಗಿದ ಮೇಲೆ ಆಳಂದದ ಒಬ್ಬ ನಿವೃತ್ತ ಹೆಡ್‌ಮಾಸ್ತರರು ಕರೆಸಿದರು. ಲಕ್ಷ್ಮೀ ಪೂಜೆಯ ದಿನದಿಂದ ಪರದೆ ಬಂದಿಲ್ಲ ಎಂದರು. ನೋಡಿದೆ. ಮಾನಿಟರಿನ ಬಲಗಡೆ ಕೆಳಗೆ ಗುಂಡಿ ಇರಬೇಕಾದ ಜಾಗದಲ್ಲಿ ಕುಂಕುಮದ ಒಂದು ಗುಡ್ಡ ಒಣಗಿ ಕೂತಿತ್ತು. ಗಂಧದಲ್ಲಿ ಕಲಸಿ ಹಚ್ಚಿದ್ದರಿಂದ ಗಾರೆಯಂತೆ ಗಟ್ಟಿಯಾಗಿ, ಗುಂಡಿಯನ್ನು ಒಳಗೇ ಹಿಡಿದುಕೊಂಡಿತ್ತು.

"ಸರ್, ಇಲ್ಲಿ ಯಾಕ ಹಚ್ಚೀರಿ?"

"ಕುಂಕುಮ ಹಚ್ಚೋದು ಹಣಿಗಿ ಅಲ್ಲೇನಪ? ಇದರ ಹಣಿ ಎಲ್ಲದ ಅಂತ ಭಾಳ ಹುಡುಕಿದೆ. ಅಲ್ಲೊಂದು ಸಣ್ಣ ದೀಪ ಉರಿಯಾಕತ್ತಿತ್ತು. ಇದೇ ಇರಬೇಕಂತ ಹಚ್ಚಿದೆ."

ಒದ್ದೆ ಬಟ್ಟೆಯಿಂದ ನೆನೆಸಿ, ಸೂಜಿಯಿಂದ ಕೆರೆದು ಗುಂಡಿಯನ್ನು ಬಿಡಿಸಿದೆ. ಪರದೆ ಬಂತು. ಮುಂದಿನ ವರ್ಷದಿಂದ ಹಿಂಭಾಗಕ್ಕೆ ಹಚ್ಚಿರಿ, ಅಲ್ಲಿ ಏನೂ ಕೆಡುವುದಿಲ್ಲ ಎಂದು ಸಲಹೆಯನ್ನೂ ಕೊಟ್ಟೆ. ಮಾಸ್ತರರು ಕನ್ನಡಕ ತೆಗೆದು ನನ್ನನ್ನು ಹಳೆಯ ವಿದ್ಯಾರ್ಥಿಯಂತೆ ನೋಡಿದರು.

"ಬೆನ್ನಿಗೆ ಕುಂಕುಮ ಹಚ್ಚೂದು ಯಾವ ಶಾಸ್ತ್ರದಾಗ ಬರದಾರಪ?"

ರೊಟ್ಟಿ ಬಡಿದರೆ ಬೆಳಕು

ಭೂಸನೂರಿನ ಕಬ್ಬು ಬೆಳೆಯುವವರ ಮನೆ. ಸೊಸೆ ಊರಿನ ಮಕ್ಕಳಿಗೆ ಕಂಪ್ಯೂಟರಿನಲ್ಲಿ ಚಿತ್ರ ತೋರಿಸಿ ಪಾಠ ಹೇಳುತ್ತಾಳೆ. ಪರದೆ ನಿದ್ದೆಯಿಂದ ಏಳುವುದಿಲ್ಲ, ಆದರೆ ಅತ್ತೆ ರೊಟ್ಟಿ ಬಡಿಯತೊಡಗಿದರೆ ಏಳುತ್ತದೆ ಎಂದಳು. ನಾನು ಮುಖದಲ್ಲಿ ಏನನ್ನೂ ತೋರಿಸಿಕೊಳ್ಳಲಿಲ್ಲ. ನನ್ನ ವೃತ್ತಿಯಲ್ಲಿ ಅದು ಅರ್ಧ ವಿದ್ಯೆ.

"ಖರೆ ಅನಸ್ವಲ್ದೇನ್ರಿ? ನೋಡ್ರಿ ಹಂಗಾದ್ರ," ಎಂದವಳೇ ಒಳಗೆ ಕೂಗಿದಳು. "ಅತ್ತೀ, ಒಂದೆರಡು ಬಡೀರಿ!"

ಗೋಡೆಯಾಚೆ ಅಡುಗೆಮನೆಯಲ್ಲಿ ಅತ್ತೆ ಜೋಳದ ಹಿಟ್ಟನ್ನು ತಟ್ಟತೊಡಗಿದರು. ಟಪಾ ಟಪಾ ಟಪಾ. ಗೋಡೆಗೆ ಆನಿಸಿಟ್ಟ ಮೇಜು ನಡುಗಿತು. ಪರದೆ ಎರಡು ಸಲ ಮಿನುಗಿ ಬೆಳಗಿತು. ನಾನು ಮಾನಿಟರಿನ ಹಿಂದೆ ಕೈ ಹಾಕಿದೆ. ತಂತಿಯ ಕೊನೆಯನ್ನು ಬಿಗಿಯುವ ತಿರುಪುಗಳೇ ಇರಲಿಲ್ಲ. ಸಡಿಲವಾಗಿ ಜೋತಿದ್ದ ತಂತಿ ಪ್ರತಿ ಪೆಟ್ಟಿಗೂ ಒಂದಿಷ್ಟು ಒಳಸರಿದು ಕೂಡಿಕೊಳ್ಳುತ್ತಿತ್ತು. ತಿರುಪು ಹಾಕಿ ಬಿಗಿದೆ.

ಮರುವಾರ ಆ ಮನೆಯ ಮಾವನವರ ಫೋನು. ಧ್ವನಿ ತಗ್ಗಿಸಿ ಮಾತಾಡುತ್ತಿದ್ದರು.

"ಕಂಪ್ಯೂಟರ್ ಬರೋಬರಿ ನಡದದ್ರಿ. ಆದ್ರ ಅದು ಖರಾಬ್ ಇದ್ದಾಗ ನನಗ ಯಾವಾಗ ಬೇಕಂದ್ರ ಆವಾಗ ಬಿಸಿ ರೊಟ್ಟಿ ಸಿಗ್ತಿತ್ತು. ಈಗ ಮುಂಜಾನಿ ಮಾಡಿದ್ದನ್ನೇ ಸಂಜಿಗೂ ಹಾಕಾಕತ್ತಾರ. ಜರಾ ಮೊದಲಿನ ಹಾಂಗ ಮಾಡಿಕೊಡ್ರಿ."

ಹೊತ್ತವರು ಒಬ್ಬರು, ತೀರಿಸುವವರು ಒಬ್ಬರು

ಜೇವರ್ಗಿಯಲ್ಲಿ ಒಬ್ಬ ಕಾಲೇಜು ಗುಮಾಸ್ತರು ಬಾಗಿಲಲ್ಲೇ ನನ್ನನ್ನು ತಡೆದರು. ಒಳ್ಳೆಯ ಮನುಷ್ಯ, ಹೊಟ್ಟೆ ಅವರಿಗಿಂತ ಮೊದಲು ಹೊಸ್ತಿಲು ದಾಟುತ್ತದೆ.

"ಒಂದು ಮಾತು. ರಿಪೇರಿ ಆಗಂಗಿಲ್ಲ ಅಂತ ಹೇಳಿಬಿಡ್ರಿ."

"ಯಾಕ್ರಿ?"

"ನಿಮಗ ಫೋನ್ ಮಾಡಿದ ಮ್ಯಾಲ ಗೊತ್ತಾತು. ಪರದೆ ಬಂದ್ರ ಘತ್ತರಗಿ ಭಾಗ್ಯವಂತಿಗಿ ದೀಡ ನಮಸ್ಕಾರ ಅಂತ ನನ್ನ ಹೆಂಡತಿ ಹರಕಿ ಹೊತ್ತಾಳ."

"ಹೊತ್ತವರು ಅವರಲ್ಲೇನ್ರಿ?"

"ಹೊತ್ತಾಕಿ ಆಕಿ. ಹಾಕಾಂವ ನಾನು."

ಹೊಳೆಯಿಂದ ಗುಡಿಯ ತನಕ ಉದ್ದಕ್ಕೆ ಅಡ್ಡಬಿದ್ದು, ಎದ್ದು, ಮತ್ತೆ ಅಡ್ಡಬೀಳುವ ಸೇವೆ ಅದು. ಅವರ ಹೊಟ್ಟೆಯನ್ನು ನೋಡಿ ನನಗೆ ನಿಜಕ್ಕೂ ಮರುಕ ಬಂತು. ಆದರೆ ಪರದೆಯ ಬೆಳಕನ್ನು ಯಾರೋ ಪೂರ್ತಿ ತಗ್ಗಿಸಿಟ್ಟಿದ್ದರು, ಅಷ್ಟೆ. ಹೇಗಿದೆ ನೋಡೋಣ ಎಂದು ಗುಂಡಿ ಒತ್ತುವಷ್ಟರಲ್ಲಿ ಚಿತ್ರ ಬಂದುಬಿಟ್ಟಿತು. ಹೆಂಡತಿ ಅಲ್ಲೇ ಕೈ ಮುಗಿದರು.

"ತಾಯಿ ಮಾಡಿದ್ಲು ನೋಡ್ರಿ!"

"ತಾಯಿ ಎಲ್ಲಿ ಮಾಡಿದ್ಲು? ಇವರು ಮಾಡ್ಯಾರ," ಎಂದರು ಗಂಡ.

"ಇವರನ್ನ ಕಳಿಸಿದಾಕಿ ಯಾರು?"

"ಕರೆಸಿದಾಂವ ನಾನು. ನಾನೇ ಫೋನ್ ಮಾಡೀನಿ."

ಹೆಂಡತಿ ಬೆರಗಾಗಿ ಗಂಡನನ್ನು ದಿಟ್ಟಿಸಿದರು. "ನಿಮಗ ತಾನಾಗೇ ಹೊಳೀತೇನ್ರಿ? ಇದು ಅದಕ್ಕಿಂತ ದೊಡ್ಡ ಪವಾಡ ಆತು. ಇದಕ್ಕ ಬ್ಯಾರೇ ಹರಕಿ ತೀರಿಸಬೇಕು."

ಕನ್ಯಾ ತೋರಿಸಿದ್ದು

ಅಫಜಲಪುರದ ಒಂದು ಮನೆಯಿಂದ ಕರೆ ಬಂದಾಗ ಕಂಪ್ಯೂಟರ್ ಇನ್ನೂ ಕೆಟ್ಟಿರಲಿಲ್ಲ. ಕೆಡದಂತೆ ನೋಡಿಕೊಳ್ಳಲು ನನ್ನನ್ನು ಕರೆದಿದ್ದರು. ಮಗಳು ಊರಿನ ಆಸ್ಪತ್ರೆಯಲ್ಲಿ ನರ್ಸ್. ಗಂಡಿನವರು ಸೊಲ್ಲಾಪುರದವರು, ಹುಡುಗನಿಗೆ ರಜೆ ಸಿಗದ ಕಾರಣ ಮೊದಲ ನೋಟ ವಿಡಿಯೊದಲ್ಲೇ ಆಗಲಿ ಎಂದು ಹಿರಿಯರು ಒಪ್ಪಿದ್ದರು. ಹಾಗೆಂದು ಪದ್ಧತಿ ಬಿಟ್ಟಿರಲಿಲ್ಲ. ಕ್ಯಾಮೆರಾದ ಮುಂದೆ ಉಪ್ಪಿಟ್ಟು, ಚೂಡಾ, ಲಾಡುಗಳ ತಟ್ಟೆಗಳನ್ನು ಸಾಲಾಗಿ ಇಟ್ಟಿದ್ದರು.

ಹುಡುಗಿ ಕೇಳಬೇಕೆಂದಿದ್ದ ಪ್ರಶ್ನೆ ಒಂದೇ ಇತ್ತು. ಮದುವೆಯ ನಂತರ ಕೆಲಸ ಮಾಡಲು ಬಿಡುತ್ತೀರಾ? ಅದನ್ನು ಕೇಳಕೂಡದು ಎಂಬುದು ತಾಯಿಯ ಕಟ್ಟಪ್ಪಣೆ. ನಾನು ಹೋಗುವ ಮೊದಲೇ ಆ ಜಗಳ ಒಂದು ಸುತ್ತು ಮುಗಿದಿತ್ತು ಎಂದು ಅತ್ತು ಕೆಂಪಾದ ಹುಡುಗಿಯ ಮೂಗಿನ ತುದಿ ಹೇಳುತ್ತಿತ್ತು.

ಕರೆ ಹಚ್ಚಿಟ್ಟು ಕೂತೆವು. ಆ ಕಡೆಯವರು ಇನ್ನೂ ಬಂದಿರಲಿಲ್ಲ. ಕಾಯುತ್ತ ಕಾಯುತ್ತ ಪರದೆ ಕಪ್ಪಾಯಿತು. ಮೌಸ್ ಅಲುಗಿಸಿದೆ. ಪೆಟ್ಟಿಗೆಯ ದೀಪ ಉರಿಯಿತು, ಪರದೆ ಬರಲಿಲ್ಲ. ನಾನು ಮೇಜಿನ ಕೆಳಗೆ ತೂರಿ ತಂತಿಗಳ ನಡುವೆ ತಲೆಯಿಟ್ಟೆ. ಮೇಲೆ ಮನೆಯವರು ನಿರಾಳವಾದರು.

"ಫೋಟೋದಾಗ ನೋಡೀರೇನ್ರಿ ಭಾವಾರ," ಎಂದರು ಹುಡುಗಿಯ ಸೋದರಮಾವ ತಮ್ಮ ಭಾವನಿಗೆ. "ಹುಡುಗನ ಅಪ್ಪ ಮೀಸಿಗಿ ಕರೀ ಬಣ್ಣ ಹಚ್ಚ್ಯಾನ. ಬೂಟ್ ಪಾಲಿಶ್ ಇದ್ದಂಗದ."

"ಸುಮ್ಮನಿರೋ ಲೇ, ಬೀಗರಾಗೋರು," ಎಂದರು ತಂದೆ, ನಗು ತಡೆಯುತ್ತ.

"ಉಪ್ಪಿಟ್ಟು ನಾನೇ ಮಾಡೀನಿ ಅನ್ನು," ಎಂದು ತಾಯಿ ಮಗಳಿಗೆ ಹೇಳಿದರು.

"ಖಾನಾವಳಿಯಿಂದ ತಂದದ್ದು ನಾ ಯಾಕ ಮಾಡೀನಿ ಅನ್ನಲಿ?"

"ಅನ್ನಬೇ! ಮತ್ತ ಡ್ಯೂಟಿ ಮಾತು ತಗೀಬ್ಯಾಡ. ಮದುವಿ ಆಗಲಿ, ಆಮ್ಯಾಲ ಹೆಂಗರ ಒಪ್ಪಿಸೋಣಂತ."

"ಆಮ್ಯಾಲ ಯಾರೂ ಒಪ್ಪಂಗಿಲ್ಲ ಯವ್ವಾ. ನಮ್ಮ ವಾರ್ಡಿನಾಗ ಇದ್ದಾಕಿ ಒಬ್ಬಾಕಿ ಹಿಂಗೇ ಕೆಲಸ ಬಿಟ್ಟು, ಈಗ ಮಾತ್ರಿ ಹೆಸರೂ ಮರ್ತೀನಿ ಅಂತ ಅಳ್ತಾಳ. ನಾ ಹಂಗ ಅಳಾಕ ತಯಾರಿಲ್ಲ. ಹುಡುಗ ಚೊಲೋ ಕಾಣ್ತಾನ, ನಂಗ ಮನಸ್ಸದ. ಆದ್ರ ಕೆಲಸ ಬಿಡು ಅಂದ್ರ ನಂಗ ಈ ಮದುವಿ ಬ್ಯಾಡ."

ಮೇಜಿನ ಕೆಳಗೆ ಸಡಿಲವಾಗಿದ್ದ ತಂತಿಯನ್ನು ಒತ್ತುತ್ತ ನಾನು ತಲೆಯೆತ್ತಿದೆ. ಕ್ಯಾಮೆರಾದ ಸಣ್ಣ ನೀಲಿ ದೀಪ ಉರಿಯುತ್ತಿತ್ತು. ಅಂದರೆ ಕಂಪ್ಯೂಟರ್ ಎದ್ದಿತ್ತು, ಕರೆಯೂ ನಡೆದಿತ್ತು, ಕತ್ತಲಾಗಿದ್ದುದು ಪರದೆ ಒಂದೇ. ಸ್ಪೀಕರ್ ಪರದೆಯೊಳಗೇ ಇದ್ದುದರಿಂದ ಅವರ ಮಾತು ನಮಗೆ ಕೇಳಿಸಿರಲಿಲ್ಲ. ನಮ್ಮದು ಅವರಿಗೆ ಕೇಳಿಸಬಾರದು ಎನ್ನಲು ಯಾವ ಕಾರಣವೂ ಇರಲಿಲ್ಲ. ನಾನು ಜೋರಾಗಿ ಕೆಮ್ಮಿದೆ. ಯಾರಿಗೂ ಸೂಚನೆ ಹೊಳೆಯಲಿಲ್ಲ. ಧೂಳಿಗೆ ಇರಬೇಕೆಂದು ತಂದೆ ನೀರು ತರಿಸಿದರು.

ಅಷ್ಟರಲ್ಲಿ ಪರದೆ ಬಂತು.

ಸೊಲ್ಲಾಪುರದ ಕಡೆ ಇಡೀ ಕುಟುಂಬ ಸಿನಿಮಾ ಟಾಕೀಸಿನಲ್ಲಿ ಕೂತಂತೆ ಕೂತಿತ್ತು. ನಡುವೆ ಹುಡುಗನ ತಂದೆ ಅಂಗೈಯಿಂದ ಮೀಸೆ ಮುಚ್ಚಿಕೊಂಡಿದ್ದರು. ನಮ್ಮ ಕಡೆ ಸೋದರಮಾವ ಒಂದು ಲಾಡುವನ್ನು ಇಡಿಯಾಗಿ ಬಾಯಿಗೆ ತುಂಬಿಕೊಂಡರು, ಯಾರೂ ತಮ್ಮನ್ನು ಮಾತಾಡಿಸಬಾರದೆಂದು.

ಕೊನೆಗೆ ಹುಡುಗನ ತಾಯಿ ಮುಂದಕ್ಕೆ ಬಾಗಿದರು.

"ನಾವು ಆಗಿಂದ ಒದರಾಕತ್ತೇವಿ, ಎಲ್ಲಾ ಕೇಳಸ್ತದ ಅಂತ. ಇರ್ಲಿ ಬಿಡ್ರಿ. ತಂಗೀ, ನೀ ಕೆಲಸ ಬಿಡಬ್ಯಾಡ. ಇವರಿಗಿ ಬಿಪಿ, ನಂಗ ಶುಗರ್. ಮನ್ಯಾಗೊಬ್ಬಾಕಿ ನರ್ಸ್ ಬರ್ತಾಳಂದ್ರ ಬ್ಯಾಡ ಅನ್ನಾಕ ನಮಗ ಹುಚ್ಚೇನು? ಆ ಮೀಸಿ ಮಾತು ನಾ ಎಷ್ಟು ವರ್ಷದಿಂದ ಹೇಳಾಕತ್ತೀನಿ, ಇವರು ಕೇಳಿಲ್ಲ. ಆ ಲಾಡು ತಿನ್ನೋ ಅಣ್ಣಾರು ಒಮ್ಮಿ ಅಂದದ್ದಕ್ಕ ಮೀಸಿ ಮ್ಯಾಲಿನ ಕೈ ತಗೀವಲ್ರು ನೋಡ್ರಿ."

ಎರಡೂ ಕಡೆ ನಗು ಹಾರಿತು. ಹುಡುಗಿ ಸೆರಗಿನಿಂದ ಕಣ್ಣೊರೆಸಿಕೊಂಡು ತಾನೂ ನಕ್ಕಳು. ಬೀಗರು ಬೀಗರು ತಾರೀಖಿನ ಮಾತಿಗೆ ತೊಡಗಿದರು. ನಾನು ಚೀಲ ಮುಚ್ಚುತ್ತಿದ್ದೆ. ಅಲ್ಲಿಯ ತನಕ ಒಂದು ಮಾತೂ ಆಡದೆ, ಅಪ್ಪ ಅವ್ವನ ನಡುವೆ ಕೈಕಟ್ಟಿ ಕೂತಿದ್ದ ಹುಡುಗ ಕ್ಯಾಮೆರಾದ ಹತ್ತಿರ ಮುಖ ತಂದು ಮೆಲ್ಲಗೆ ಕೇಳಿದ:

"ರಿಪೇರಿ ಅಣ್ಣಾರ, ಅಲ್ಲಿಂದೇ ನಮ್ಮ ಪರದೇನೂ ಒಂದೀಟು ಹೊತ್ತು ಬಂದ್ ಮಾಡಾಕ ಬರ್ತದೇನ್ರಿ? ನಂಗೂ ನಮ್ಮ ಮನೆಯವರ ಮುಂದ ಒಂದೆರಡು ಖರೆ ಮಾತು ಹೇಳೋದದ."